ಮೊದಲು ಕಾಗದ, ಆಮೇಲೆ ತಗಡು, ಕೊನೆಗೆ ಎಂಜಿನ್

ಮಗಾ, ಹಳೇ ಪದ್ಮಿನಿ ಕಾರು ಕೊಳ್ಳೋಕೆ ಹೊರಟಿದ್ದೀಯ ಅಂತ ಕಿವಿಗೆ ಬಿತ್ತು. ಖುಷಿ ಆಯ್ತು. ಯರ್ರಮಂಚಿಯ ಕಿಯಾ ಕಾರ್ಖಾನೆಯಲ್ಲಿ ಹೊಳೆಯೋ ಹೊಸ ಗಾಡಿಗಳ ಮಧ್ಯೆ ಹೊತ್ತು ಕಳೆಯೋ ಹುಡುಗನಿಗೆ, ಸ್ಟೇರಿಂಗ್ ಪಕ್ಕದಲ್ಲಿ ಗೇರು ಇರೋ ಮುದಿ ಗಾಡಿಯ ಮೇಲೆ ಮನಸ್ಸಾಯ್ತು ಅಂದ್ರೆ ನಿನಗೆ ರುಚಿ ಇದೆ ಅಂತ ಅರ್ಥ. ಆದರೆ ಫೋನಿನಲ್ಲಿ ನಾಲ್ಕು ಫೋಟೊ ನೋಡಿ, ‘ಈ ಭಾನುವಾರವೇ ಹೋಗಿ ಅಡ್ವಾನ್ಸ್ ಕೊಟ್ಟು ಬರ್ತೀನಿ’ ಅಂದೆಯಂತಲ್ಲ, ಅಲ್ಲಿ ಎದೆ ಧಸಕ್ ಅಂತು. ನಿನ್ನ ಆತುರ ನನಗೆ ಹೊಸದಾ? ಹೋಳಿಗೆ ಹೆಂಚಿನಿಂದ ಇಳಿಯೋಕೆ ಮುಂಚೆ ಕೈ ಹಾಕಿದ ಹುಡುಗ ನೀನು. ಅದಕ್ಕೇ ಈ ನಾಲ್ಕು ಮಾತು. ಕೂತು ಕೇಳು.

ಹಿಂದೂಪುರದ ಗ್ಯಾರೇಜಿನಲ್ಲಿ ಫಿಯಟ್ಟು, ಅಂಬಾಸಿಡರುಗಳ ಕೆಳಗೆ ಮಲಗಿ ಕೂದಲು ನರೆಸಿಕೊಂಡವನು ನಾನು. ಹಳೇ ಗಾಡಿ ಕೊಂಡು ನಕ್ಕವರನ್ನೂ ನೋಡಿದ್ದೀನಿ, ಕಣ್ಣೀರು ಹಾಕಿದವರನ್ನೂ ನೋಡಿದ್ದೀನಿ. ಅಷ್ಟೂ ನೋಡಿ ನನಗೆ ತಿಳಿದದ್ದು ಇಷ್ಟೇ. ಎಂಜಿನ್ ಕೆಟ್ಟಿದ್ದರೆ ಮೆಕ್ಯಾನಿಕ್ ಸರಿ ಮಾಡ್ತಾನೆ. ಬಾಡಿ ಕೆಟ್ಟಿದ್ದರೆ ಮೆಕ್ಯಾನಿಕ್ ಜೊತೆಗೆ ಮೂಟೆ ದುಡ್ಡೂ ಬೇಕು. ಕಾಗದ ಕೆಟ್ಟಿದ್ದರೆ ಯಾರ ಕೈಯಲ್ಲೂ ಆಗಲ್ಲ. ಆದ್ದರಿಂದ ಮೊದಲು ಕಾಗದ ನೋಡು, ಆಮೇಲೆ ತಗಡು ನೋಡು, ಎಂಜಿನ್ ಕೊನೆಗೆ ನೋಡು. ನಿನ್ನ ವಯಸ್ಸಿನವರು ಎಲ್ಲಾ ತಿರುಗಾಮುರುಗಾ ಮಾಡ್ತೀರಿ. ಮೊದಲು ಬಣ್ಣ ನೋಡ್ತೀರಿ, ಆಮೇಲೆ ಸೆಲ್ಫ್ ಹೊಡೆದು ಎಂಜಿನ್ ಸದ್ದಿಗೆ ತಲೆದೂಗ್ತೀರಿ, ದುಡ್ಡು ಕೊಟ್ಟ ಮೇಲೆ ಆರ್‌ಸಿ ಎಲ್ಲಿ ಅಂತ ಕೇಳ್ತೀರಿ.

ಕಾಗದಕ್ಕಿಂತ ಮುಂಚೆ ಈ ಗಾಡಿಯ ಹುಟ್ಟು ತಿಳ್ಕೊ. ನಮ್ಮ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ನಮ್ಮ ದೇಶದಲ್ಲೇ ಮೋಟಾರು ಕಾರ್ಖಾನೆ ಆಗಬೇಕು ಅಂತ ಯುರೋಪು, ಅಮೆರಿಕ ಸುತ್ತಿ ಬಂದು ಯೋಜನೆ ಬರೆದರು. ವಾಲ್‌ಚಂದ್ ಹೀರಾಚಂದ್ ಅನ್ನೋ ಉದ್ಯಮಿ ಜೊತೆಗೆ ನಿಂತರು. ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು, ಆಗ ಕಾರ್ಖಾನೆ ಆಗಲಿಲ್ಲ. ವಾಲ್‌ಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಇಟಲಿಯ ಫಿಯಟ್ ಕಂಪನಿಯ 1100 ಗಾಡಿ ಅವರ ಕುರ್ಲಾ ಕಾರ್ಖಾನೆಯಲ್ಲಿ ತಯಾರಾಗಿ, 1964ರಲ್ಲಿ ಡಿಲೈಟ್ ಅನ್ನೋ ಹೆಸರಲ್ಲಿ ಬಂತು. ಆಮೇಲೆ ಸ್ವಲ್ಪ ಕಾಲ ಪ್ರೆಸಿಡೆಂಟ್ ಅಂತಾಯ್ತು. 1974ರಿಂದ ಪದ್ಮಿನಿ. ನಮ್ಮ ಕಡೆ ಹಳಬರು ಇವತ್ತಿಗೂ ಎಲ್ಲವನ್ನೂ ಫಿಯಟ್ ಅಂತಲೇ ಕರೀತಾರೆ.

ಈ ಪುರಾಣ ಯಾಕೆ ಅಂತೀಯಾ? ಮಾರೋನು ‘1968ರ ಗಾಡಿ ಸಾರ್’ ಅಂತ ಬೆಲೆ ಏರಿಸ್ತಾನೆ. ಆರ್‌ಸಿಯಲ್ಲಿ ನೋಡಿದರೆ ಪದ್ಮಿನಿ ಅಂತ ಇರುತ್ತೆ. 1968ರಲ್ಲಿ ಪದ್ಮಿನಿ ಅನ್ನೋ ಹೆಸರೇ ಹುಟ್ಟಿರಲಿಲ್ಲ. ಮುಂದಿನ ಜಾಲರಿ, ದೀಪ ಬದಲಾಯಿಸಿ ಹೊಸ ಗಾಡಿಯನ್ನ ಹಳೇದು ಮಾಡೋರು ಇದ್ದಾರೆ. ಹಳೇದು ಅಂದರೆ ಬೆಲೆ ಜಾಸ್ತಿಯಲ್ಲ, ಅದಕ್ಕೆ. ಹುಟ್ಟಿದ ವರ್ಷ ಗೊತ್ತಿದ್ದವನಿಗೆ ಟೋಪಿ ಹಾಕೋದು ಕಷ್ಟ.

ಈಗ ಕಾಗದಕ್ಕೆ ಬಾ. ನಂಬರ್ ಪ್ಲೇಟೇ ಅರ್ಧ ಕಥೆ ಹೇಳುತ್ತೆ. ಎಂವೈ, ಎಂಇ, ಸಿಎ ಅಂತ ಶುರುವಾಗೋ ಮೂರಕ್ಷರದ ನಂಬರು ಹಳೇ ಮೈಸೂರು, ಕರ್ನಾಟಕದ್ದು. ಕೆಎ, ಎಪಿ ಅಂತ ಬಂದದ್ದು ಮೋಟಾರು ವಾಹನ ಕಾಯ್ದೆ 1989ರ ಜುಲೈ 1ಕ್ಕೆ ಜಾರಿಯಾದ ಮೇಲೆ. ಎಪಿ 02 ಅಂದರೆ ನಮ್ಮ ಅನಂತಪುರ. ಎಪಿ 39 ಅಂತ ಇದ್ದರೆ 2019ರಿಂದ ಈಚೆಗೆ ಆಂಧ್ರದಲ್ಲಿ ರಿಜಿಸ್ಟರ್ ಆದದ್ದು. 1975ರ ಗಾಡಿಗೆ ಎಪಿ 39 ಇದ್ದರೆ ಬೇರೆ ಕಡೆಯಿಂದ ಬಂದು ಇಲ್ಲಿ ಮತ್ತೆ ನಂಬರ್ ತಗೊಂಡಿದೆ ಅಂತ. ತಪ್ಪಲ್ಲ. ಆದರೆ ಎಲ್ಲಿಂದ ಬಂತು, ಯಾಕೆ ಬಂತು, ಹಳೇ ನಂಬರ್ ಏನು ಅಂತ ಕೇಳಲೇಬೇಕು.

ಕರ್ನಾಟಕದ ಗಾಡಿಯಾದರೆ ಆರ್‌ಟಿಓ ಆಫೀಸಿನಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸು. ಮಾರೋನು ಕೊಟ್ಟ ಜೆರಾಕ್ಸ್ ನಂಬಬೇಡ. ಅದರಲ್ಲಿ ಮಾಲೀಕ ಯಾರು, ಎಷ್ಟನೆಯವನು, ಚಾಸಿ ನಂಬರ್, ಎಂಜಿನ್ ನಂಬರ್, ಯಾವ ಇಂಧನ, ಸಾಲ ಇದೆಯಾ, ರಿಜಿಸ್ಟ್ರೇಶನ್ ಯಾವತ್ತಿನವರೆಗೆ, ಎಲ್ಲಾ ಇರುತ್ತೆ. ‘ಸಿಂಗಲ್ ಓನರ್’ ಅಂತ ಬಾಯಲ್ಲಿ ಹೇಳಿದ್ದಕ್ಕೆ ತಲೆ ಆಡಿಸಬೇಡ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನಕ್ಕೆ ಸೇರಬೇಡ ನೀನು. ಹಳೇ ಮೂರಕ್ಷರದ ಗಾಡಿ ಎಷ್ಟೋ ಕಂಪ್ಯೂಟರಿಗೇ ಏರಿರಲ್ಲ. ಫೋನಿನಲ್ಲಿ ನಂಬರ್ ಒತ್ತಿದರೆ ಏನೂ ಬರಲ್ಲ. ಅಂಥದ್ದಕ್ಕೆ ಆಫೀಸಿನ ಹಳೇ ರಿಜಿಸ್ಟರ್ ಹುಡುಕಿಸಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಆ ಕೆಲಸ ಮಾರೋನೇ ಮಾಡಿಸಿಕೊಡಲಿ, ಆಮೇಲೆ ದುಡ್ಡು. ‘ನೀವು ತಗೊಳ್ಳಿ, ಆಮೇಲೆ ಮಾಡಿಸಿಕೊಳ್ಳಬಹುದು’ ಅಂದರೆ ಎದ್ದು ಬಾ.

ಚಾಸಿ ನಂಬರನ್ನ ಕಣ್ಣಲ್ಲಿ ಓದಿದರೆ ಸಾಲದು. ಬಿಳೀ ಹಾಳೆ ಇಟ್ಟು ಪೆನ್ಸಿಲಿನಿಂದ ಉಜ್ಜು. ಅಕ್ಷರಗಳು ಒಂದೇ ಆಳದಲ್ಲಿ, ಒಂದೇ ಸಾಲಿನಲ್ಲಿ ಮೂಡಬೇಕು. ಸುತ್ತ ಉಜ್ಜಿದ ಗುರುತು, ವೆಲ್ಡಿಂಗ್ ಗಂಟು, ಅಲ್ಲಿ ಮಾತ್ರ ಹೊಸ ಬಣ್ಣ ಇದ್ದರೆ ಆ ಗಾಡಿ ಮುಟ್ಟಬೇಡ. ಎಂಜಿನ್ ನಂಬರೂ ಹಾಗೇ ತಾಳೆ ನೋಡು. ನಮ್ಮ ಕಡೆ ಪೆಟ್ರೋಲ್ ಗಾಡಿಗೆ ಡೀಸೆಲ್ ಎಂಜಿನ್ ಕೂಡಿಸಿ ವರ್ಷಗಟ್ಟಲೆ ಓಡಿಸಿದವರು ಬಹಳ. ಎಂಜಿನ್ ಬದಲಾದದ್ದು ಆರ್‌ಸಿಯಲ್ಲಿ ಏರಿರಬೇಕು. ಇಲ್ಲದಿದ್ದರೆ ಮುಂದಿನ ತಪಾಸಣೆಯಲ್ಲಿ ಉತ್ತರ ಹೇಳಬೇಕಾದವನು ನೀನು.

ಮಾಲೀಕ ತೀರಿಕೊಂಡಿದ್ದರೆ ಇನ್ನೂ ಎಚ್ಚರ. ಒಬ್ಬ ಹುಡುಗ ಒಂದು ಮನೆಯ ಶೆಡ್ಡಿನಿಂದ ಅಂಬಾಸಿಡರ್ ಕೊಂಡುಬಂದ. ಗಾಡಿ ಅಪ್ಪನ ಹೆಸರಲ್ಲಿ, ಅಪ್ಪ ಇಲ್ಲ. ಹಿರೀ ಮಗ ದುಡ್ಡು ತಗೊಂಡು ಕೀ ಕೊಟ್ಟ. ಕಿರಿಯವರು, ಅಕ್ಕತಂಗಿಯರು ಸಹಿ ಹಾಕಲ್ಲ ಅಂತ ಕೂತರು. ಆ ಗಾಡಿ ಅವನ ಹೆಸರಿಗೆ ಆಗಲೇ ಇಲ್ಲ, ಓಡಿಸೋಕೂ ಆಗಲಿಲ್ಲ. ವಾರಸುದಾರರ ಹೆಸರಿಗೆ ಮೊದಲು ಫಾರಂ 31ರಲ್ಲಿ ಗಾಡಿ ಬರಬೇಕು, ವಂಶವೃಕ್ಷ, ಎಲ್ಲರ ಒಪ್ಪಿಗೆ ಇರಬೇಕು. ಆಮೇಲೆ ಫಾರಂ 29, 30ರಲ್ಲಿ ನಿನ್ನ ಹೆಸರಿಗೆ. ಕರ್ನಾಟಕದಿಂದ ಈ ಕಡೆ ತರೋದಾದರೆ ಫಾರಂ 28ರ ಎನ್‌ಓಸಿ ಬೇಕು. ಹಳೇ ಸಾಲದ ಎಚ್.ಪಿ. ನಮೂದು ಉಳಿದಿದ್ದರೆ ಫಾರಂ 35 ಬೇಕು. ಸಾಲ ಕೊಟ್ಟ ಕಂಪನಿಯೇ ಮುಚ್ಚಿಹೋಗಿದ್ದರೆ ಆ ಸಹಿ ಎಲ್ಲಿಂದ ತರ್ತೀಯ? ಇದನ್ನ ಇವತ್ತೇ ಕೇಳು.

ಖರ್ಚಿನ ಲೆಕ್ಕವೂ ಮುಂಚೆ ಹಾಕು. ಸ್ವಂತದ ಕಾರಿಗೆ ಮೊದಲ ರಿಜಿಸ್ಟ್ರೇಶನ್ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಹಿಂದೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯ್ತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000ಕ್ಕೆ ಏರಿಸಿದರು. ಅದರ ಮೇಲೆ ತೆರಿಗೆ, ವಿಮೆ ಬೇರೆ. ಗಾಡಿಗೆ 50 ವರ್ಷ ತುಂಬಿದ್ದರೆ 2021ರ ನಿಯಮದ ಪ್ರಕಾರ ವಿಂಟೇಜ್ ನಂಬರ್ ಸಿಗುತ್ತೆ, ವಿಎ ಅಂತ ನಡುವೆ ಅಕ್ಷರ ಬರುತ್ತೆ. 20,000 ಕಟ್ಟಿದರೆ 10 ವರ್ಷ. ಆದರೆ ಮೂಲ ರೂಪ ಕೆಡಿಸಿರಬಾರದು, ದಿನಬಳಕೆಗೂ ಬಾರದು. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸೋಕೆ ಮಾತ್ರ. ಪರಿಗಿಯ ಮನೆಯಿಂದ ಕಾರ್ಖಾನೆ ಡ್ಯೂಟಿಗೆ ದಿನಾ ಇದರಲ್ಲೇ ಹೋಗ್ತೀನಿ ಅಂತ ಕನಸು ಕಟ್ಟಿದ್ದರೆ ಆ ನಂಬರ್ ನಿನಗಲ್ಲ.

ಕಾಗದ ನೆಟ್ಟಗಿದೆ ಅಂತಾದರೆ ತಗಡಿಗೆ ಬಾ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ನಿಮ್ಮ ಮುತ್ತಾತ ಎತ್ತು ಕೊಳ್ಳೋವಾಗ ಕೊಂಬಿಗೆ ಹಚ್ಚಿದ ಬಣ್ಣ ನೋಡ್ತಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡ್ತಿದ್ದರು, ಸುಳಿ ನೋಡ್ತಿದ್ದರು, ಗೊರಸು ಎತ್ತಿ ನೋಡ್ತಿದ್ದರು, ಏಳಿಸಿ ನಡೆಸಿ ನೋಡ್ತಿದ್ದರು. ಕಾರಿಗೂ ಅದೇ ಕಣ್ಣು ಬೇಕು.

ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನುಮೂಳೆ. ಅಂಬಾಸಿಡರಿಗೂ ಹಾಗೇ. ಅದಕ್ಕೇ ತುಕ್ಕು ಅಂದರೆ ಬರೀ ಅಂದದ ಮಾತಲ್ಲ, ಜೀವದ ಮಾತು. ಕಾಲಡಿಯ ಮ್ಯಾಟ್ ಎತ್ತು. ಬಾಗಿಲ ಕೆಳಗಿನ ಪಟ್ಟಿಯನ್ನ ಹೆಬ್ಬೆರಳಿನಿಂದ ಒತ್ತು. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಕೆಳಗೆ ನೋಡು, ಅಲ್ಲಿ ನೀರು ನಿಂತು ತಗಡು ಜರಡಿಯಾಗಿರುತ್ತೆ. ಹಿಂದಿನ ಪಟ್ಟಾ ಸ್ಪ್ರಿಂಗ್ ಬಾಡಿಗೆ ಕೂಡೋ ಜಾಗಕ್ಕೆ ಟಾರ್ಚ್ ಬಿಡು. ಅಲ್ಲಿ ತುಕ್ಕು ತಿಂದಿದ್ದರೆ ಒಂದು ದಿನ ಹಳ್ಳಕ್ಕೆ ಇಳಿದಾಗ ಸ್ಪ್ರಿಂಗೇ ಒಳಗೆ ನುಗ್ಗುತ್ತೆ. ಒಂದು ಸಣ್ಣ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಡಿ ಉದ್ದಕ್ಕೂ ಆಡಿಸು. ತಗಡಿದ್ದ ಕಡೆ ಹಿಡಿಯುತ್ತೆ. ಪುಟ್ಟಿ ಮೆತ್ತಿದ ಕಡೆ ಜಾರುತ್ತೆ. ಮಾರೋಕೆ ಅಂತಲೇ ಹೊಸದಾಗಿ ಬಣ್ಣ ಹೊಡೆಸಿದ ಗಾಡಿಗಿಂತ, ಅಲ್ಲಲ್ಲಿ ಬಣ್ಣ ಮಾಸಿ ತಗಡು ಗಟ್ಟಿ ಇರೋ ಗಾಡಿ ಸಾವಿರ ಪಾಲು ಮೇಲು. ಬೆಳ್ಳಗಿರೋದೆಲ್ಲ ಹಾಲಲ್ಲ.

ಬಾಗಿಲು ನಾಲ್ಕನ್ನೂ ತೆಗೆದು ಹಾಕು. ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇರಬೇಕು. ಒಂದು ಕಡೆ ಬೆರಳು ಹೋಗಿ ಇನ್ನೊಂದು ಕಡೆ ಕಾಗದವೂ ತೂರದೆ ಇದ್ದರೆ ಗಾಡಿ ಏಟು ತಿಂದಿದೆ, ಇಲ್ಲವೇ ಬಾಡಿ ಬಗ್ಗಿದೆ. ಗಾಡಿ ಬಾಳಿದ ಊರನ್ನೂ ಕೇಳು. ನಮ್ಮ ಸೀಮೆಯಲ್ಲಿ ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸಿನ ಮಳೆ. ಹಿಂದೂಪುರ, ಮಡಕಶಿರ, ಪಾವಗಡ, ಮಧುಗಿರಿಯಲ್ಲಿ ಬಾಳಿದ ಗಾಡಿಯ ತಗಡು ಉಳಿದಿರುತ್ತೆ. ಬಿಸಿಲಿಗೆ ರಬ್ಬರು, ಸೀಟು, ವೈರು ಮಾತ್ರ ಸೀಳಿರುತ್ತೆ. ಅದನ್ನ ಬದಲಾಯಿಸಬಹುದು. ಮಂಗಳೂರು, ಮುಂಬೈ, ಚೆನ್ನೈ ಕಡಲ ಗಾಳಿ ಕುಡಿದ ಗಾಡಿ ಒಳಗೊಳಗೇ ಪುಡಿಯಾಗಿರುತ್ತೆ. ಮುಂಬೈಯಲ್ಲಿ ಟ್ಯಾಕ್ಸಿಯಾಗಿ ದುಡಿದು ಬಣ್ಣ ಬದಲಿಸಿಕೊಂಡು ಬಂದ ಪದ್ಮಿನಿಯನ್ನೂ ಗುರುತಿಸು. ಅಲ್ಲಿ ಕಪ್ಪು ಹಳದಿ ಪದ್ಮಿನಿಗಳ ಕಾಲ 2023ರ ಅಕ್ಟೋಬರ್ ಕೊನೆಗೆ ಮುಗೀತು. ಮೀಟರ್ ಕೂರಿಸಿದ ತೂತಿನ ಗುರುತು, ಬಾಗಿಲ ಸಂದಿಯ ಹಳದಿ ಬಣ್ಣ ಸುಳ್ಳು ಹೇಳಲ್ಲ.

ಕಿಲೋಮೀಟರ್ ಮೀಟರಿಗೆ ಮರುಳಾಗಬೇಡ. ಐದಂಕಿಯ ಮೀಟರು 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಬ್ರೇಕ್, ಕ್ಲಚ್ ಪೆಡಲಿನ ರಬ್ಬರ್ ಸವೆದದ್ದು, ಸ್ಟೇರಿಂಗ್ ನುಣುಪಾದದ್ದು, ಡ್ರೈವರ್ ಸೀಟು ಕುಸಿದದ್ದು, ಇವೇ ನಿಜವಾದ ಮೀಟರು.

ಈಗ ಎಂಜಿನ್. ಬೆಳಿಗ್ಗೆ ಹೋಗು. ‘ನಾನು ಬಂದ ಮೇಲೇ ಸ್ಟಾರ್ಟ್ ಮಾಡಿ’ ಅಂತ ಮುಂಚೆಯೇ ಹೇಳು. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡು. ಬೆಚ್ಚಗಿದ್ದರೆ ನೀನು ಬರೋ ಮುಂಚೆ ಓಡಿಸಿ ಬಿಸಿ ಮಾಡಿದ್ದಾರೆ. ತಣ್ಣಗಿದ್ದಾಗಲೇ ರೇಡಿಯೇಟರ್ ಮುಚ್ಚಳ ತೆಗಿ. ನೀರಿನ ಮೇಲೆ ಆಯಿಲ್ ತೇಲಿದರೆ, ಇಲ್ಲವೇ ಆಯಿಲ್ ಮುಚ್ಚಳದ ಒಳಗೆ ತಿಳಿ ಕಂದು ನೊರೆ ಕಟ್ಟಿದ್ದರೆ ನೀರೂ ಆಯಿಲೂ ಬೆರೆತಿವೆ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಅಥವಾ ಹೆಡ್ಡೇ ಬಿರುಕು ಬಿಟ್ಟಿದೆ. ಸ್ಟಾರ್ಟ್ ಆದ ಮೇಲೆ ಹೊಗೆ ನೋಡು. ನೀಲಿ ಹೊಗೆ ಅಂದರೆ ಆಯಿಲ್ ಸುಡ್ತಾ ಇದೆ, ರಿಂಗು ಅಥವಾ ವಾಲ್ವ್ ಗೈಡ್ ಸವೆದಿದೆ. ಕಪ್ಪು ಹೊಗೆ ಅಂದರೆ ಕಾರ್ಬುರೇಟರ್ ಪೆಟ್ರೋಲ್ ಜಾಸ್ತಿ ಕುಡಿಸ್ತಾ ಇದೆ, ಅದು ಸಣ್ಣ ರಿಪೇರಿ. ಬಿಳೀ ಹೊಗೆ ಬೆಳಗಿನ ಚಳಿಗೆ ಸ್ವಲ್ಪ ಹೊತ್ತು ಬಂದು ನಿಂತರೆ ಪರವಾಗಿಲ್ಲ. ಬರ್ತಾನೇ ಇದ್ದರೆ ನೀರು ಒಳಗೆ ಇಳೀತಿದೆ.

ವರ್ಷಗಟ್ಟಲೆ ನಿಂತ ಗಾಡಿಯಾದರೆ ‘ಬ್ಯಾಟರಿ ಹಾಕಿ ಒಂದು ಸೆಲ್ಫ್ ಹೊಡೆಯೋಣ’ ಅಂತ ಹಾರಬೇಡ. ಮೊದಲು ಪ್ಲಗ್ ಬಿಚ್ಚಿ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಡು, ನೆನೆಯಲಿ, ಆಮೇಲೆ ಎಂಜಿನ್ ಕೈಯಿಂದ ತಿರುಗುತ್ತಾ ನೋಡು. ಟ್ಯಾಂಕ್ ಒಳಗೆ ತುಕ್ಕು ಇರುತ್ತೆ, ಬ್ರೇಕ್ ಸಿಲಿಂಡರ್ ಹಿಡಿದಿರುತ್ತೆ, ಇಲಿ ವೈರ್ ಕಡಿದಿರುತ್ತೆ. ಇನ್ನೊಂದು ಮಾತು. ಈಗ ಬಂಕಿನಲ್ಲಿ ಸಿಗೋ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಪಾಲು ಎಥನಾಲ್. ಆ ಕಾಲದ ರಬ್ಬರ್ ಪೈಪು, ಕಾರ್ಬುರೇಟರ್ ವಾಷರ್‌ಗಳನ್ನ ಇದಕ್ಕೆ ಅಂತ ಮಾಡಿರಲಿಲ್ಲ. ಗಾಡಿ ಮನೆಗೆ ಬಂದ ತಕ್ಷಣ ಪೆಟ್ರೋಲ್ ಪೈಪು ಬದಲಾಯಿಸೋದು ಮೊದಲ ಕೆಲಸ. ಅಲ್ಲಿ ಸೋರಿದರೆ ಬೆಂಕಿ.

ಮುಂದಿನ ಚಕ್ರ ಜಾಕ್ ಮೇಲೆ ಎತ್ತಿಸಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸು. ಆಡಿದರೆ ಕಿಂಗ್‌ಪಿನ್ ಅಥವಾ ಬೇರಿಂಗ್ ಸವೆದಿದೆ. ಆಮೇಲೆ ಓಡಿಸು. ಬೀದಿ ಕೊನೆವರೆಗೆ ಹೋಗಿ ಬರೋದನ್ನ ಓಡಿಸೋದು ಅನ್ನಲ್ಲ. ಲೇಪಾಕ್ಷಿ ರಸ್ತೆಯಲ್ಲಿ ಹೋಗು, ಸಂತೆ ದಿನ ಹಿಂದೂಪುರದ ಪೇಟೆಯಲ್ಲಿ ಹಾಯಿಸು, ಎಲ್ಲಾದರೂ ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತು. ಹಾಡು ಹಾಕಬೇಡ, ಕಿವಿ ಗಾಡಿಗೆ ಕೊಡು. ಎರಡನೇ ಗೇರು ತಾನೇ ಜಾರುತ್ತಾ, ಬ್ರೇಕ್ ಒತ್ತಿದರೆ ಒಂದು ಕಡೆಗೆ ಎಳೆಯುತ್ತಾ, ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತಾ, ನೋಡು. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು ಇರೋ ಗಾಡಿ ಅದು. ನಿನ್ನ ಕಾರ್ಖಾನೆಯ ಗಾಡಿ ನಿಲ್ಲೋ ಹಾಗೆ ಗಕ್ಕನೆ ನಿಲ್ಲಲ್ಲ, ಅಂತರ ಇಟ್ಟು ಓಡಿಸು.

ಗಾಡಿ ನೋಡಿದಷ್ಟೇ ಗಮನವಾಗಿ ಮಾರೋನನ್ನೂ ನೋಡು. ಒಳ್ಳೇ ಮಾಲೀಕ ತಪ್ಪು ತಾನೇ ಹೇಳ್ತಾನೆ. ‘ಹಿಂದಿನ ಬಾಗಿಲು ಸ್ವಲ್ಪ ತೊಂದರೆ ಕೊಡುತ್ತೆ, ಡೈನಮೋ ಹೋದ ವರ್ಷ ಕಟ್ಟಿಸಿದೆ’ ಅಂತಾನೆ. ಯಾವ ಮೆಕ್ಯಾನಿಕ್ ಹತ್ತಿರ ಬಿಡ್ತಿದ್ದ ಅಂತ ಹೆಸರು ಹೇಳ್ತಾನೆ. ಆ ಮೆಕ್ಯಾನಿಕ್‌ನನ್ನ ಹೋಗಿ ಮಾತಾಡಿಸು, ಅರ್ಧ ಗಂಟೆಯಲ್ಲಿ ಗಾಡಿಯ ಜಾತಕ ಬಿಚ್ಚಿಡ್ತಾನೆ. ‘ಇನ್ನೂ ಮೂರು ಪಾರ್ಟಿ ಕಾಯ್ತಿದ್ದಾರೆ, ಇವತ್ತೇ ಹೇಳಿ’ ಅನ್ನೋನು ಗಾಡಿ ಮಾರ್ತಿಲ್ಲ, ನಿನ್ನ ಆತುರವನ್ನ ಕೊಳ್ತಿದ್ದಾನೆ. ಅಗ್ಗದ ಆಸೆಗೆ ಮುಗ್ಗಲು ಜೋಳ ತರಬೇಡ. ನಿನ್ನ ಹತ್ತಿರ ನೂರು ಇದ್ದರೆ ಎಪ್ಪತ್ತರ ಗಾಡಿ ನೋಡು. ಉಳಿದ ಮೂವತ್ತು ಮೊದಲ ವರ್ಷದ ಟೈರು, ಬ್ರೇಕು, ವೈರಿಂಗಿಗೆ ಬೇಕೇ ಬೇಕು. ಎಂಜಿನ್ ಸಾಮಾನು ಬೆಂಗಳೂರಿನ ಜೆ.ಸಿ. ರೋಡು, ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಸಿಗುತ್ತೆ. ಮುಂದಿನ ಜಾಲರಿ, ಕ್ರೋಮಿನ ಬಂಪರು, ದೀಪದ ಗಾಜು ಸಿಗೋದು ಕಷ್ಟ. ಅವು ಗಾಡಿಯಲ್ಲೇ ಇದ್ದರೆ ಅದಕ್ಕೆ ಬೆಲೆ ಕೊಡು.

ಕಣ್ಣು ಪಳಗಬೇಕಾದರೆ ಮೊದಲು ಒಂದು ದಿನ ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಹಳೇ ಗಾಡಿಗಳ ‘ಪಯಣ’ ಮ್ಯೂಸಿಯಂಗೆ ಹೋಗಿ ಬಾ. ಚೆನ್ನಾಗಿ ಕಾಪಾಡಿದ ಗಾಡಿಯ ಬಾಗಿಲ ಸಂದು ಹೇಗಿರುತ್ತೆ, ಕ್ರೋಮು ಹೇಗೆ ಹೊಳೆಯುತ್ತೆ ಅಂತ ಒಮ್ಮೆ ನೋಡಿದರೆ ಆಮೇಲೆ ಕಳ್ಳ ಕೆಲಸ ತಾನೇ ಕಣ್ಣಿಗೆ ಕುಕ್ಕುತ್ತೆ.

ಇಷ್ಟೆಲ್ಲಾ ಹೇಳಿದ್ದು ನಿನ್ನ ಆಸೆಗೆ ನೀರು ಎರಚೋಕಲ್ಲ. ಪದ್ಮಿನಿ ತಯಾರಾಗೋದು ನಿಂತು ಕಾಲು ಶತಮಾನ ಆಯ್ತು. ಉಳಿದ ಒಂದೊಂದು ಒಳ್ಳೇ ಗಾಡಿಯೂ ಒಳ್ಳೇ ಕೈ ಸೇರಬೇಕು. ಆತುರದವನ ಕೈಗೆ ಸಿಕ್ಕಿದ್ದು ಕಾಗದ ಆಗದೆ, ದುಡ್ಡು ಸಾಲದೆ, ಕೊನೆಗೆ ಗುಜರಿಗೆ ಹೋಗುತ್ತೆ. ತಾಳ್ಮೆಯವನ ಕೈಗೆ ಸಿಕ್ಕಿದ್ದು ಇನ್ನೊಂದು ತಲೆಮಾರು ಓಡುತ್ತೆ. ನಿನಗೆ ತಾಳ್ಮೆ ಕಲಿಯೋ ಶಕ್ತಿ ಇದೆ ಅಂತ ನಂಬಿಯೇ ಹೇಳ್ತಿದ್ದೀನಿ.

ಅದಕ್ಕೇ ಈ ಭಾನುವಾರ ಅಡ್ವಾನ್ಸ್ ಬೇಡ. ಹೋಗಿ ಬರೀ ನೋಡಿ ಬಾ. ಆರ್‌ಸಿಯ ಫೋಟೊ, ಚಾಸಿ ನಂಬರಿನ ಪೆನ್ಸಿಲ್ ಗುರುತು, ಆ ಮೆಕ್ಯಾನಿಕ್‌ನ ಹೆಸರು, ಮೂರೂ ತಗೊಂಡು ಬಾ. ಸೋಮವಾರ ಆರ್‌ಟಿಓಗೆ ಹೋಗು. ಎಲ್ಲಾ ತಾಳೆ ಆದರೆ ಮುಂದಿನ ವಾರ ನನ್ನನ್ನ ಕರಕೊಂಡು ಹೋಗು, ಗಾಡಿ ಕೆಳಗೆ ನಾನೇ ಮಲಗಿ ನೋಡ್ತೀನಿ. ಕೊಂಡ ದಿನವೇ 30 ದಿನದ ಗಡುವು ನೆನಪಿಟ್ಟು ಹೆಸರು ಬದಲಾವಣೆಗೆ ಅರ್ಜಿ ಹಾಕು. ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಮಾರಿದವರನ್ನ ಆ ಸಂಕಟಕ್ಕೆ ಸಿಕ್ಕಿಸಬೇಡ. ಅವತ್ತೇ ಒಂದು ನೋಟ್‌ಬುಕ್ ಕೊಂಡು ಡ್ಯಾಶ್‌ಬೋರ್ಡಿನಲ್ಲಿ ಇಡು. ಆಯಿಲ್ ಬದಲಾಯಿಸಿದ ದಿನ, ಗ್ರೀಸು ಹೊಡೆಸಿದ ದಿನ, ಹಾಕಿದ ಸಾಮಾನು, ಕೊಟ್ಟ ದುಡ್ಡು, ಎಲ್ಲಾ ಬರೀತಾ ಹೋಗು. ಮುಂದೆ ಒಂದು ದಿನ ನಿನ್ನ ಬಾಗಿಲಿಗೂ ಇಂಥದ್ದೇ ಆತುರದ ಹುಡುಗ ಬರ್ತಾನೆ. ಅವನು ಕೇಳೋಕೆ ಮುಂಚೆ ಆ ಪುಸ್ತಕ ಅವನ ಕೈಗೆ ಕೊಡು.